ಸಂಧಿವಾತವೂ ಉಪವಾಸವ್ರತವೂ

ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಕೀಲಿನ ಒಳಪೊರೆಯ ಮೇಲೆರಗುವ ವ್ಯಾಧಿಯೇ ರುಮಟಾಯ್ಡ್ ಸಂಧಿವಾತ. ಬಿಳಿ ರಕ್ತಕಣಗಳಾದ ಟಿ-ಕೋಶಗಳು ಪ್ರಚೋದಿಸಲು, ಬಿ-ಕೋಶಗಳು ಸ್ವದೇಹದ ಪ್ರೋಟೀನುಗಳ ವಿರುದ್ಧವೇ ಪ್ರತಿಕಾಯಗಳನ್ನು ಹುಟ್ಟಿಸುತ್ತವೆ. ಉರಿಯೂತದಿಂದ ದಪ್ಪವಾದ ಪೊರೆಯು ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಮುಂಜಾನೆ ಬೆರಳುಗಳು ಬಿಗಿದು ಜಪಮಾಲೆ ಸರಿಯದಿರುವುದು ಇದರಿಂದಲೇ.

ಉಪವಾಸದಿಂದ ಬೇನೆ ತಗ್ಗುವುದೆಂಬ ಮಾತು ನಿರಾಧಾರವಲ್ಲ. ನಾರ್ವೆಯ ವೈದ್ಯರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 27 ರೋಗಿಗಳು 7ರಿಂದ 10 ದಿನ ಉಪವಾಸವಿದ್ದು, ಅನಂತರ ವರ್ಷವಿಡೀ ಸಸ್ಯಾಹಾರದಲ್ಲಿದ್ದರು. ನೋವು, ಊತಗಳು ಇಳಿದುವು. ಆದರೆ ಅದು ನಿರಾಹಾರವಲ್ಲ, ತರಕಾರಿಯ ರಸ ಸಲ್ಲುತ್ತಿತ್ತು. (ಅದರಲ್ಲಿ ಗಜ್ಜರಿ, ಬೀಟ್‌ರೂಟ್‌ಗಳಿದ್ದುವು; ಕಂದಮೂಲತ್ಯಾಗಿಗಳಿಗೆ ಅದು ವರ್ಜ್ಯ.)

ದಶಲಕ್ಷಣ ಪರ್ವದಲ್ಲಿ ಕೆಲವರು ಸ್ಟೀರಾಯ್ಡ್ ಗುಳಿಗೆಯನ್ನೂ ಥಟ್ಟನೆ ತ್ಯಜಿಸುವುದುಂಟು. ಇದು ಪ್ರಾಣಾಪಾಯಕರ: ದೀರ್ಘಕಾಲ ಸೇವಿಸಿದವರಲ್ಲಿ ಅಡ್ರಿನಲ್ ಗ್ರಂಥಿಯ ಸ್ವಂತ ಸ್ರಾವವು ಕುಗ್ಗಿರುತ್ತದೆ. ಅಂಥ ಶ್ರಾವಕರು ವೈದ್ಯರನ್ನು ಕೇಳಿ, ಗುಳಿಗೆಯನ್ನು ಭೋಜನದೊಡನೆಯೇ ಸ್ವೀಕರಿಸುವಂತೆ ಏಕಾಶನವನ್ನು ಆಚರಿಸಬಹುದು.