ಸ್ಟೋರ್ಡ್ ಪ್ರೊಸೀಜರಿನ ಉತ್ತರವನ್ನು ಓದುವ ಕ್ರಮ

ಡೇಟಾಬೇಸಿನೊಳಗೆ ಒಂದು ಹೆಸರು ಕೊಟ್ಟು ಬರೆದಿಟ್ಟ ಆಜ್ಞೆಗಳ ಸಮೂಹವೇ ಸ್ಟೋರ್ಡ್ ಪ್ರೊಸೀಜರ್. ಪ್ರೋಗ್ರಾಮಿನಿಂದ ಅದನ್ನು ಕರೆಯುವುದು ಸುಲಭ. ಅದರ ಉತ್ತರವನ್ನು ಕ್ರಮವರಿತು ಓದುವುದೇ ಮುಖ್ಯವೆಂದು ನನ್ನ ಅಭಿಪ್ರಾಯ.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಉತ್ತರವು 3 ಬಗೆಯಾಗಿ ಬರುವುದುಂಟು: ಸಾಲುಗಳ ಪಟ್ಟಿ, ಔಟ್‌ಪುಟ್ ಪ್ಯಾರಾಮೀಟರ್ ಮತ್ತು ರಿಟರ್ನ್ ಮೌಲ್ಯ. ಕೊನೆಯದು ಯಾವಾಗಲೂ ಪೂರ್ಣಾಂಕ. 0 ಬಂದರೆ ಕಾರ್ಯ ನೆರವೇರಿತೆಂದು ತಿಳಿಯುವುದು ರೂಢಿ.

ವಿದ್ಯಾರ್ಥಿವೇತನಕ್ಕೆ ಅರ್ಹರಾದವರ ಹೆಸರುಗಳನ್ನು ಸಾಲುಗಳಾಗಿಯೂ, ಅವರಿಗೆ ಸಲ್ಲಬೇಕಾದ ಒಟ್ಟು ಹಣವನ್ನು ಔಟ್‌ಪುಟ್ ಪ್ಯಾರಾಮೀಟರಿನಲ್ಲಿಯೂ ಕೊಡುವ ಪ್ರೊಸೀಜರ್ ಒಂದಿದೆಯೆನ್ನೋಣ. ಸಿ ಶಾರ್ಪ್ ಭಾಷೆಯಲ್ಲಿ ಕಮಾಂಡಿನ ಬಗೆ ಸ್ಟೋರ್ಡ್ ಪ್ರೊಸೀಜರ್ ಎಂದು ಗೊತ್ತುಮಾಡಿ, ಎಕ್ಸಿಕ್ಯೂಟ್‌ರೀಡರ್ ಮೂಲಕ ಕರೆಯುತ್ತೇವೆ. ಕರೆದೊಡನೆಯೇ ಒಟ್ಟು ಹಣವನ್ನು ನೋಡಹೋದರೆ ಅಲ್ಲಿ ಏನೂ ಇರದು. ಏಕೆಂದರೆ ಸರ್ವರು ಮೊದಲು ಸಾಲುಗಳನ್ನು ಕಳುಹಿಸಿ, ಈ ಮೌಲ್ಯವನ್ನು ಕಟ್ಟಕಡೆಗೆ ಕಳುಹಿಸುತ್ತದೆ. ಸಾಲುಗಳನ್ನೆಲ್ಲ ಓದಿ ರೀಡರನ್ನು ಮುಚ್ಚಿದ ಅನಂತರವೇ ಅದು ಕೈಗೆ ದೊರೆಯುವುದು. ಜಾವಾದ ಕಾಲಬಲ್ ಸ್ಟೇಟ್‌ಮೆಂಟಿನಲ್ಲಿಯೂ ಸಾಲುಗಳನ್ನು ಮೊದಲು ಓದಿ ಮುಗಿಸಬೇಕೆಂಬ ಸಲಹೆಯುಂಟು.

ಇದು ಬರಿಯ ಶಿಷ್ಟಾಚಾರವಲ್ಲ. ಬರಿದಾದ ಮೌಲ್ಯವನ್ನು 0 ಎಂದೆಣಿಸುವಂತೆ ಪ್ರೋಗ್ರಾಮನ್ನು ಬರೆದಿದ್ದರೆ, ಹೆಸರುಗಳಿದ್ದೂ ಹಣವೇನೂ ಬೇಡವೆಂದು ಅದು ವರದಿ ಒಪ್ಪಿಸೀತು. ದೋಷಸೂಚನೆ ಒಂದೂ ಬರಲಾರದು. ಯಂತ್ರಕ್ಕೆ ಅದರಿಂದ ನಷ್ಟವಿಲ್ಲ. ನಷ್ಟವೆಲ್ಲ ಬಡ ವಿದ್ಯಾರ್ಥಿಗೆ. ಆದುದರಿಂದ ಸಹಪಾಠಿಗಳಲ್ಲಿ ನನ್ನ ಅರಿಕೆಯಿಷ್ಟೆ: ಮೊದಲು ಸಾಲುಗಳನ್ನು ಓದಿರಿ, ಆಮೇಲೆ ರೀಡರನ್ನು ಮುಚ್ಚಿರಿ, ಕಡೆಗೆ ಮೊತ್ತವನ್ನು ನೋಡಿರಿ.