ಮಾಗಿ ಚಳಿಯಲ್ಲಿ ಕೇಪಿನ ಕೋವಿ: ಮದ್ದು ಒಲೆ ಮುಂದೆ ಬೇಡ

ರಾಗಿ ತೆನೆ ಕಟ್ಟುವ ಹೊತ್ತಿಗೆ ನಮ್ಮಲ್ಲಿ ಹಂದಿ ಕಾಟ ಶುರು. ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡದ ಮಗ್ಗುಲು, ಮಳೆ ನಂಬಿದ ಐದು ಎಕರೆ ಕೆಂಪು ನೆಲ. ರಾಗಿ, ನಡುವೆ ಅಕ್ಕಡಿಗೆ ಅವರೆ, ತೊಗರಿ. ರಾಗಿ ಕೊಯ್ದರೂ ಅವರೆ ನಿಂತಿರುತ್ತೆ, ಹಾಗಾಗಿ ಸಂಕ್ರಾಂತಿವರೆಗೂ ರಾತ್ರಿ ಕಾವಲು ತಪ್ಪಿದ್ದಲ್ಲ. ಬೆಳೆ ರಕ್ಷಣೆಗೆ ಅಂತ ಅಪ್ಪನ ಕಾಲದಿಂದ ಲೈಸೆನ್ಸಿನ ಒಂಟಿ ನಳಿಗೆ ಕೇಪಿನ ಕೋವಿ ಇದೆ.

ತೋಟಾ ಕೋವಿ ಇದ್ದವರಿಗೆ ಅಂಗಡಿಯಲ್ಲಿ ತುಂಬಿದ ತೋಟಾ ಸಿಗುತ್ತೆ. ಕೇಪಿನ ಕೋವಿಯವರು ಪ್ರತಿ ಈಡನ್ನೂ ಕೈಯಾರೆ ಬಾಯಿಂದ ತುಂಬಬೇಕು. ಮಳೆಗಾಲದಲ್ಲಿ ಮದ್ದು ನೆನೆಯುತ್ತೆ ಅಂತ ಎಲ್ಲರಿಗೂ ಗೊತ್ತು, ಜೋಪಾನ ಮಾಡ್ತೀವಿ. ಚಳಿಗಾಲದಲ್ಲಿ ಮಳೆ ಇಲ್ಲವಲ್ಲ ಅಂತ ಮೈಮರೀತೀವಿ. ನಮ್ಮ ಮನೆಯಲ್ಲಿ ಆದ ಎರಡು ಅನಾಹುತವೂ ಚಳಿಗಾಲದ್ದೇ.

ಮೊದಲನೆಯದು ಅಪ್ಪನದು, ನಾನು ಹುಟ್ಟುವ ಮುಂಚೆ. ಮದ್ದು ಯಾಕೋ ತಂಪಾಗಿದೆ ಅನ್ನಿಸಿತಂತೆ. ಕೈ ಬೇರೆ ಚಳಿಗೆ ಮರಗಟ್ಟಿತ್ತು. ಮೊರದಲ್ಲಿ ಹರಡಿಕೊಂಡು ಒಲೆಯಿಂದ ಎರಡು ಮೊಳ ದೂರ ಕೂತರು. ಬೆಂಕಿಗೆ ತಾಗಿಸಲಿಲ್ಲ, ಬಿಸಿಗೆ ಇಟ್ಟಿದ್ದು ಅಷ್ಟೆ. ಜಾಲಿ ಸೌದೆ ಚಟಗುಟ್ಟಿ ಒಂದು ಕಿಡಿ ಹಾರಿತು. ಎಡಗೈ ಬೆಂದು ಎರಡು ಬೆರಳು ಮಡಚಿಕೊಂಡವು. 1998ರಲ್ಲಿ ತೀರಿಕೊಳ್ಳುವವರೆಗೂ ಅಪ್ಪ ರಾಗಿ ಕೊಯ್ಯುವಾಗ ಎಡಗೈಯಲ್ಲಿ ಹಿಡಿ ತುಂಬ ಕಡ್ಡಿ ಹಿಡೀಲಿಲ್ಲ. ಬಲಗೈಯಲ್ಲಿ ಕುಡುಗೋಲು ಎಷ್ಟು ಚುರುಕಾಗಿದ್ದರೇನು, ಹಿಡಿಯೋ ಕೈ ಬೇಕಲ್ಲ.

ಎರಡನೆಯದು ನನ್ನದೇ ತಪ್ಪು, 2011ರ ಡಿಸೆಂಬರ್. ರಾತ್ರಿಯೆಲ್ಲ ಅಟ್ಟಣೆ ಮೇಲಿದ್ದ ಕೋವಿಯನ್ನು ಬೆಳಗ್ಗೆ ಇಳಿಸಿ ತಂದು ನೇರ ಅಡುಗೆಮನೆ ಮೂಲೆಗೆ ಒರಗಿಸಿದೆ. ಹಂಡೆ ಕಾಯ್ತಿತ್ತು, ಹಬೆ ತುಂಬಿತ್ತು. ಸಂಜೆ ನಳಿಗೆ ಹೊರಗಡೆ ಒರೆಸಿ, ಒಳಗೆ ನೋಡದೆ ಮದ್ದು ತುಂಬಿದೆ. ನಡುರಾತ್ರಿ ಹಂದಿ ಸದ್ದಾಯ್ತು. ಕುದುರೆ ಎತ್ತಿ ಹೊಡೆದರೆ ಕೇಪು ಮಾತ್ರ ಚಟ್ ಅಂತು. ಮದ್ದು ಹತ್ತಲಿಲ್ಲ. ಏನಾಯ್ತು ಅಂತ ನೋಡೋಕೆ ಕೋವಿ ಕೆಳಗಿಳಿಸಿದೆ. ತಮ್ಮ ಬ್ಯಾಟರಿ ಹಿಡಿದು ಮುಂದೆ ಬಂದ. ಅಷ್ಟರಲ್ಲಿ ಢಂ ಅಂತು! ಚರೆ ಹಾಕಿರಲಿಲ್ಲ, ಬರೀ ಸದ್ದಿಗೆ ಅಂತ ಮದ್ದು ಮತ್ತು ತೆಂಗಿನ ನಾರಿನ ಗಟ್ಟಣೆ. ಆ ನಾರೇ ಉರಿಯುತ್ತ ಹೋಗಿ ಅವನ ಮೀನಖಂಡಕ್ಕೆ ಬಡಿದು ಮಾಂಸ ಕಿತ್ತಿತು. ಒಂದು ತಿಂಗಳು ಮಲಗಿದ. ಕಾಲು ಉಳಿಯಿತು. ಬರೀ ಮದ್ದಿನ ಈಡು ಏನೂ ಮಾಡಲ್ಲ ಅನ್ನುವವರು ಅವನ ಕಾಲು ನೋಡಲಿ.

ಮಳೆ ಇಲ್ಲದೆ ನೀರು ಎಲ್ಲಿಂದ ಬಂತು? ತಣ್ಣೀರು ತುಂಬಿದ ಸ್ಟೀಲ್ ಚೊಂಬು ಹೊರಗೆ ಬೆವರುವುದನ್ನು ನೋಡಿದ್ದೀರಿ. ಅದೇ ಲೆಕ್ಕ. ಇಬ್ಬನಿಯಲ್ಲಿ ತಣ್ಣಗಾದ ಕಬ್ಬಿಣ ಬಿಸಿ ಹಬೆ ಇರೋ ಮನೆಗೆ ಬಂದರೆ ಗಾಳಿಯ ತೇವವೆಲ್ಲ ಅದರ ಮೇಲೆ ಹನಿಯಾಗಿ ಕೂರುತ್ತೆ, ನಳಿಗೆ ಒಳಗೂ ಕೂರುತ್ತೆ. ಮದ್ದಿನ ಡಬ್ಬಿಗೂ ಹಾಗೇ. ತಣ್ಣನೆಯ ಡಬ್ಬಿ ತಂದು ಬಿಸಿ ಜಾಗದಲ್ಲಿ ಮುಚ್ಚಳ ತೆಗೆದರೆ ಒಳಗಿನ ಮದ್ದು ಬೆವರು ಕುಡಿಯುತ್ತೆ. ಕರಿ ಮದ್ದಿನಲ್ಲಿ ಇದ್ದಿಲು ಇದೆ, ಅದು ತೇವ ಹೀರುವ ವಸ್ತು. ಇನ್ನು ಈಡು ಹಾರಿದ ಮೇಲೆ ಒಳಗೆ ಉಳಿಯುವ ಮಸಿ ಇದೆಯಲ್ಲ, ಅದಕ್ಕೆ ನೀರಿನ ಆಸೆ ಉಪ್ಪಿನಷ್ಟೇ. ಮಸಿ ತೊಳೆಯದ ನಳಿಗೆಗೆ ಹೊಸ ಮದ್ದು ಹಾಕಿದರೆ ಒಣ ಮದ್ದೂ ಹಸಿಯಾಗುತ್ತೆ, ಜೊತೆಗೆ ತುಕ್ಕು.

ಹಾಗಾಗಿ ಈಗ ಕೋವಿಯ ಯಾವ ಕೆಲಸಕ್ಕೂ ಮನೆ ಒಳಗೆ ಬರಲ್ಲ. ಹಿಂದಿನ ಚಾವಣಿ ತಣ್ಣಗಿದೆ, ಇರಲಿ. ಅಲ್ಲೇ ಒಂದು ಮರದ ಪೆಟ್ಟಿಗೆ, ಬೀಗ ಹಾಕಿ ಕೋವಿ ಇಡ್ತೀನಿ. ಮದ್ದಿಗೂ ಕೇಪಿಗೂ ಬೀಗದ ಬೇರೆ ಬೇರೆ ಪೆಟ್ಟಿಗೆ. ಕೋವಿ, ಮದ್ದು, ಗಜ ಎಲ್ಲ ಒಂದೇ ತಂಪಿನಲ್ಲಿದ್ದರೆ ಬೆವರೋದಿಲ್ಲ. ತುಂಬುವ ಕೆಲಸ ರಾತ್ರಿಗೆ ಬಿಡಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕು, ಬಿಸಿಲು ಇನ್ನೂ ಇರುವಾಗ. ಬೀಡಿ, ಲಾಟೀನು, ಬೆಂಕಿಪೊಟ್ಟಣ ಹತ್ತಿರ ಸುಳಿಯಬಾರದು. ಕೈ ಸೆಟೆದಿದ್ದರೆ ಬಿಸಿಲಿಗೆ ಹಿಡಿದು, ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡ್ಕೊಂಡೇ ಕೂರ್ತೀನಿ. ಕೈಯನ್ನು ಬೆಚ್ಚಗೆ ಮಾಡಿ, ಮದ್ದನ್ನಲ್ಲ. ಮರಗಟ್ಟಿದ ಬೆರಳಿಗೆ ಅಳತೆ ತಿಳಿಯಲ್ಲ, ಕೇಪು ಉದುರಿದರೂ ತಿಳಿಯಲ್ಲ.

ಮೊದಲು ಒಣ ಬಟ್ಟೆ ಸುತ್ತಿದ ಗಜ ಇಳಿಸಿ ತೆಗೀತೀನಿ. ಬಟ್ಟೆ ಒದ್ದೆ ಬಂದರೆ ಆ ದಿನ ತುಂಬೋದೇ ಇಲ್ಲ, ಡಬ್ಬಿ ಬಡಿದರೆ ಸಾಕು. ಮದ್ದನ್ನು ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬಾರದು. ಅಳತೆ ಕೊಳವೆಗೆ ಹಾಕಿ, ಡಬ್ಬಿ ಮುಚ್ಚಿ ದೂರ ಇಟ್ಟು ಆಮೇಲೆ. ಮುಖ, ಎದೆ ನಳಿಗೆ ಬಾಯಿಗೆ ನೇರ ಇರಬಾರದು. ಕೇಪು ಕೂರಿಸೋದು ಅಟ್ಟಣೆ ಹತ್ತಿ ನಳಿಗೆ ಖಾಲಿ ಕಡೆ ತಿರುಗಿಸಿದ ಮೇಲೆ. ಒಂದು ಈಡು ಹಾರಿದ ತಕ್ಷಣ ಇನ್ನೊಂದು ತುಂಬಬೇಡಿ, ಒಳಗೆ ಕೆಂಡದ ಚೂರು ಉಳಿದಿರಬಹುದು.

ಕೇಪು ಚಟ್ ಅಂದು ಸುಮ್ಮನಾದರೆ ಕೋವಿ ಹಿಡಿದ ಹಾಗೇ ಹಿಡಿದಿರಿ, ಬಾಯಿ ಖಾಲಿ ಕಡೆಗೇ ಇರಲಿ, ಯಾರೂ ಮುಂದೆ ಬರಬಾರದು. ನಾನು ಎರಡು ನಿಮಿಷ ಕಾಯ್ತೀನಿ. ಹಂದಿ ಹೋದರೆ ಹೋಗಲಿ.

ಗಜಕ್ಕೆ ಒಂದು ಗುರುತು ಮಾಡಿಕೊಳ್ಳಿ. ನಳಿಗೆ ಖಾಲಿ ಇದ್ದಾಗ ಗಜ ಪೂರ್ತಿ ಇಳಿಸಿ ಬಾಯಿ ಸಮಕ್ಕೆ ಚಾಕುವಿನಿಂದ ಗೀರು ಹಾಕಿ. ಮುಂದೆ ಯಾವಾಗ ಇಳಿಸಿದರೂ ಗೀರು ಮೇಲೇ ನಿಂತರೆ ಒಳಗೆ ಈಡು ಇದೆ ಅಂತ ಅರ್ಥ. ಖರ್ಚು ಒಂದು ಪೈಸೆ ಇಲ್ಲ.

ಹಸಿಯಾದ ಮದ್ದನ್ನು ಒಣಗಿಸಿ ಉಳಿಸೋ ಆಸೆ ಬೇಡ. ನಾನು ಬಕೆಟ್ ನೀರಿಗೆ ಸುರಿದು ಕಲಸಿ, ದೂರ ಗುಂಡಿಗೆ ಹಾಕಿ ಮಣ್ಣು ಮುಚ್ತೀನಿ. ದನ ಬಾಯಿಡುವ ಕಡೆ ಖಂಡಿತ ಬೇಡ, ಅದರಲ್ಲಿರುವ ಪೆಟ್ಲುಪ್ಪು ದನಕ್ಕೆ ವಿಷ.

ಇನ್ನೊಂದು ಮಾತು. ಬೆಳೆ ಕಾಯೋಕೆ ಬಾಯಿಂದ ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಮಾತು 1959ರ ಆಯುಧ ಕಾಯ್ದೆಯಲ್ಲೇ ಇದೆ. ಹಾಗಂತ ಹಂದಿ ಹೊಡೆಯೋಕೆ ಅದೇ ಅನುಮತಿ ಅಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಪ್ರಕಾರ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಲ್ಲೋ ಹಾಗಿಲ್ಲ. ನಾನು ಸದ್ದಿಗೆ ಮಾತ್ರ ಹೊಡೆಯೋದು.

ಎಣ್ಣೆ ವಿಷಯ ಮರೆತಿದ್ದೆ. ನಮ್ಮದು ತೆಂಗಿನ ಸೀಮೆ, ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ. ಚಳಿಗೆ ಅದು ಹೆಪ್ಪುಗಟ್ಟಿ ಕುದುರೆ ಬಿಗಿಯಾಗುತ್ತೆ, ಪೆಟ್ಟು ಮೆತ್ತಗೆ ಬಿದ್ದು ಕೇಪೇ ಹಾರಲ್ಲ. ಸೀಸನ್ ಮುಗಿದ ಮೇಲೆ ಖಾಲಿ ನಳಿಗೆಯನ್ನು ಕುದಿಯುವ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆ ತೆಳ್ಳಗೆ ಹಚ್ಚಿ ಇಡಿ. ಮುಂದಿನ ಸಲ ತುಂಬುವ ಮುಂಚೆ ಆ ಎಣ್ಣೆಯನ್ನೂ ಒಣ ಬಟ್ಟೆಯಲ್ಲಿ ಒರೆಸಿ ತೆಗೀಬೇಕು.