ಸಂಜೆಯ ಬೆಳಕಿಗೆ ಅವರೆಕಾಯಿ

ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನ ಬಯಲುಗಾಳಿಗೆ ಹೆದರಿ ಕಂಬಳಿಯೊಳಗೇ ಚಳಿಗಾಲ ಕಳೆಯಬೇಡಿ. ಡಿಸೆಂಬರ್ 22 ದಾಟಿದರೆ ಹಗಲು ಹಿಗ್ಗುತ್ತದೆ. ಬೆಳಿಗ್ಗೆ ಅದು ಗೊತ್ತಾಗದು. ಜನವರಿ ನಡುವಿನ ತನಕ ಸೂರ್ಯ ಇನ್ನೂ ತಡವಾಗಿಯೇ ಏಳುತ್ತಾನೆ. ಲಾಭವೆಲ್ಲ ಸಂಜೆಗೆ.

ಆ ಬೆಳಕಲ್ಲಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯಿರಿ. ಬೆರಳಿಗೆ ಸೊಗಡು ಅಂಟಬೇಕು, ಇಲ್ಲದಿದ್ದರೆ ಅದೆಂಥ ಅವರೆ! ಕಾಳು ನೆನೆಸಿ, ಸಿಪ್ಪೆ ಜಾರುವಂತೆ ಹಿದುಕಿ ಸಾರು ಮಾಡಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಚಳ್ಳಕೆರೆ ಸೀಮೆಯ ಶೇಂಗಾ ಚಟ್ನಿ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಅವರೆಯಲ್ಲಿ ಧಾರಾಳ. ಮಾಂಸ-ಮೊಟ್ಟೆಯ ಜೊತೆಗೆ ಹಾಲು-ಮೊಸರನ್ನೂ ಬಿಟ್ಟವರು ಮಾತ್ರ ಬಿ12 ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಿ.

ಸಂಕ್ರಾಂತಿ ಎಳ್ಳನ್ನು ಮನೆಯಲ್ಲೇ ಹುರಿಯಿರಿ. ಚಟಪಟ ಅಂದೊಡನೆ ಬಾಣಲೆ ಇಳಿಸಿ, ಸೀದರೆ ಕಹಿ.